ಬೆನ್ನು ತಿರುಗಿಸಿ ಕೇಳುವ ಪಾಪಣ್ಣ

ಕಾಂಪೌಂಡರ್ ಪಾಪಣ್ಣ ರೋಗಿಗಳನ್ನು ಪ್ರಶ್ನೆ ಕೇಳುವಾಗ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಎಲ್ಲ ರೋಗಿಗಳನ್ನಲ್ಲ, ಜ್ವರ, ಕೆಮ್ಮು, ಹುಣ್ಣಿನವರೊಂದಿಗೆ ಅವನೂ ನಾಲ್ಕು ಜನರ ಹಾಗೆ ಮುಖ ಕೊಟ್ಟೇ ಮಾತಾಡುತ್ತಿದ್ದ. ಲಕ್ವ ಹೊಡೆದು ಮಾತು ಕಳೆದುಕೊಂಡವರು ಬಂದರೆ ಮಾತ್ರ ಈ ವಿಚಿತ್ರ. ಹಿಂದಕ್ಕೆ ಚಾಚಿದ ಅಂಗೈ, ಸುಣ್ಣದ ಗೋಡೆಗೆ ತಾಗುವಷ್ಟು ಹತ್ತಿರ ಮೂಗು, ಏರಿಳಿತವಿಲ್ಲದ ಒಣ ಸ್ವರ. ನೋಡಿದವರು ಗೋಡೆಗೂ ಔಷಧ ಕೊಡುತ್ತಾನೇನೋ ಎಂದು ನಗುತ್ತಿದ್ದರು. ಅವನು ಆ ನಗುವಿಗೆ ಸೊಪ್ಪು ಹಾಕುತ್ತಿರಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅವನ ಮೈಯೆಲ್ಲ ಭಯವೇ ಆಗಿರುತ್ತಿತ್ತು.

ಮಾರಿಕಣಿವೆಯ ಕಟ್ಟೆಯ ಕೆಲಸ ಆಗಷ್ಟೇ ಮುಗಿದು ಕೂಲಿಯ ಜನ ಚದುರಿಹೋಗಿದ್ದ ಕಾಲ ಅದು. ಹಿರಿಯೂರು ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಅವನಿಗೆ ಔಷಧ ಬೆರೆಸುವ ಕೆಲಸ. ಯಾರೋ ದಢೂತಿ ಮನುಷ್ಯ ತೊಟ್ಟು ಬಿಟ್ಟ ಕರಿಯ ಕೋಟು ಮೊಣಕಾಲು ದಾಟಿ ಇಳಿಬಿದ್ದಿರುತ್ತಿತ್ತು. ಅದರ ಬಲಜೇಬನ್ನು ಒಂದು ಕೈಯಿಂದ ಅದುಮಿ ಹಿಡಿದು, ಕಳ್ಳನ ಹಾಗೆ ಸದ್ದಿಲ್ಲದೆ ನಡೆಯುವುದು ಅವನ ರೂಢಿ, ಏಕೆಂದರೆ ಜೇಬಿನಲ್ಲಿ ಒಂದು ಗೆಜ್ಜೆ ಇತ್ತು. ಮಾತಿನ ಕೊನೆಗೆಲ್ಲ ‘ಗೊತ್ತಾತಾ?’ ಎಂದು ಸೇರಿಸುವುದು ಇನ್ನೊಂದು ರೂಢಿ. ಗುಳಿಗೆ ಕೊಟ್ಟರೂ ಗೊತ್ತಾತಾ, ಡಾಕ್ಟರ ಕುದುರೆಗೆ ಹುಲ್ಲು ಹಾಕಿದರೂ ಗೊತ್ತಾತಾ.

ಡಾಕ್ಟರು ತಮಿಳು ಸೀಮೆಯವರು, ಸಜ್ಜನರು. ಆದರೆ ಕನ್ನಡ ಅವರ ಬಾಯಲ್ಲಿ ಕುಂಟುತ್ತಿತ್ತು. ಮಾತಾಡಲು ಬಾರದಿರುವುದು ಒಂದು ವ್ಯಾಧಿ, ಆಡಿದ ಮಾತು ತಿಳಿಯದಿರುವುದು ಮತ್ತೊಂದು, ಯಾವುದು ಹೋಗಿದೆ ಯಾವುದು ಉಳಿದಿದೆ ಎಂದು ಪರೀಕ್ಷಿಸಿ ಹೇಳು ಎಂದು ಅವರು ಆ ಭಾರವನ್ನು ಪಾಪಣ್ಣನ ತಲೆಗೆ ಕಟ್ಟಿದ್ದರು. ಅದಕ್ಕೆಂದೇ ಆ ಜೇಬಿನಲ್ಲಿ ಐದು ವಸ್ತುಗಳು: ಬೀಗದ ಕೈ, ಬಾಚಣಿಗೆ, ಮರದ ಸೌಟು, ಗೋಟಡಿಕೆ, ಗೆಜ್ಜೆ. ಚಾಪೆಯ ಮೇಲೆ ಅವನ್ನು ಹರಡಿ, ಬಾಚಣಿಗೆ ಕೊಡು, ಅಡಿಕೆ ಕೊಡು ಎಂದು ಕೇಳುವುದು; ಕೇಳಿದ್ದನ್ನೇ ಕೊಟ್ಟರೆ ಮಾತು ಒಳಗೆ ಹೋಗಿದೆ ಎಂದು ಲೆಕ್ಕ.

ಮೊದಮೊದಲು ಅವನೂ ಎದುರಿಗೆ ಕುಳಿತೇ ಕೇಳುತ್ತಿದ್ದ. ಜವನಗೊಂಡನಹಳ್ಳಿಯಿಂದ ಬರಗೇರಮ್ಮ ಎಂಬ ಮುದುಕಿಯನ್ನು ಕರೆತಂದಿದ್ದರು. ಕೈಕಾಲು ಗಟ್ಟಿಯಾಗಿದ್ದವು, ಮಾತು ಮಾತ್ರ ಕಲಸಿಹೋಗಿತ್ತು. ಕೇಳಿದ್ದನ್ನೆಲ್ಲ ಆಕೆ ತಪ್ಪದೆ ಎತ್ತಿಕೊಟ್ಟಳು. ಎಲ್ಲ ತಿಳಿಯುತ್ತದೆ, ಹೆದರಬೇಡಿ ಎಂದು ಪಾಪಣ್ಣ ಮುದುಕಿಯ ಸೊಸೆಗೆ ಹೇಳಿ ಕಳಿಸಿದ. ನಾಲ್ಕನೆಯ ದಿನ ಸೊಸೆ ಒಲೆಯ ಮೇಲೆ ಹುರುಳಿ ಬೇಯಲಿಟ್ಟು, ಒಲೆಯ ಹತ್ತಿರ ಹೋಗಬೇಡ ಎಂದು ಅತ್ತೆಗೆ ಹೇಳಿ, ನಂಬಿಕೆಯಿಂದ ಹೊಲಕ್ಕೆ ಹೋದಳು. ಮುದುಕಿಗೆ ಆ ಮಾತು ಬರಿಯ ಸದ್ದಾಗಿತ್ತು. ಕುದಿಯುವ ಗಡಿಗೆಯನ್ನು ಮೈಮೇಲೆ ಎಳೆದುಕೊಂಡವಳು ಮೂರು ದಿನ ನರಳಿ ತೀರಿಕೊಂಡಳು. ಆಮೇಲೆ ಪಾಪಣ್ಣನಿಗೆ ಹೊಳೆಯಿತು: ಬಾಚಣಿಗೆ ಎನ್ನುವಾಗ ಅವನ ಕಣ್ಣು ಬಾಚಣಿಗೆಯ ಮೇಲೆಯೇ ಇರುತ್ತಿತ್ತು, ಆಕೆ ಓದಿದ್ದು ಕಣ್ಣನ್ನು, ಮಾತನ್ನಲ್ಲ. ಅಂದಿನಿಂದ ಅವನು ಗೋಡೆಗೆ ತಿರುಗಿದ. ಜೊತೆಗೆ ಬಂದವರೂ ಕಣ್ಣು ಬಾಯಿ ಮುಚ್ಚಿಕೊಂಡು ಕೂರಬೇಕೆಂಬುದು ಅವನ ಕಟ್ಟಪ್ಪಣೆಯಾಯಿತು.

ಮುಂದೆ ಒಂದು ಮಂಗಳವಾರ ಧರ್ಮಪುರದಾಚೆಯ ಹಟ್ಟಿಯೊಂದರ ಯಜಮಾನ ಎತ್ತಪ್ಪನನ್ನು ಗಾಡಿಯಲ್ಲಿ ತಂದರು. ಕುರಿಮಂದೆಯ ಒಡೆಯ, ಹಟ್ಟಿಯ ದೇವರ ಪೂಜಾರಿ. ಇಪ್ಪತ್ತು ದಿನದ ಹಿಂದೆ ಬಲಮೈ ಬಿದ್ದುಹೋಗಿ, ಬಾಯಲ್ಲಿ ‘ಐತೆ’ ಎಂಬ ಒಂದೇ ಮಾತು ಉಳಿದಿತ್ತು. ಅಣ್ಣನ ಬುದ್ಧಿಯನ್ನು ಗಾಳಿ ಹೊತ್ತೊಯ್ದಿದೆ, ನೆತ್ತಿಗೆ ಕಾದ ಕಬ್ಬಿಣದ ಬರೆ ಹಾಕಿದರೆ ಮರಳುತ್ತದೆ ಎಂದು ತಮ್ಮ ಕಾಟಲಿಂಗಪ್ಪ ನಂಬಿದ್ದ. ಕೇಡಿಗನಲ್ಲ, ಅಣ್ಣನೆಂದರೆ ಪ್ರಾಣ ಬಿಡುವವನು. ಬರೆ ಹಾಕುವವನು ಮರುದಿನವೇ ಬರುವವನಿದ್ದ. ಬುದ್ಧಿ ಇದೆ ಎಂದು ಆಸ್ಪತ್ರೆಯವರು ಹೇಳಿದರೆ ಬರೆ ಬೇಡ ಎಂದು ಎತ್ತಪ್ಪನ ಹೆಂಡತಿ ಮುದ್ದಕ್ಕ ಮೈದುನನ ಕಾಲು ಹಿಡಿದು ಒಪ್ಪಿಸಿದ್ದಳು. ಡಾಕ್ಟರು ಅಂದು ಊರಲ್ಲಿರಲಿಲ್ಲ. ಮಾತು ಪಾಪಣ್ಣನದೇ ಆಗಬೇಕಿತ್ತು.

ಅವನು ಗೋಡೆಗೆ ತಿರುಗಿ ಕೇಳಿದ. ನಿನ್ನ ಹೆಸರು ಎತ್ತಪ್ಪನೋ? ಐತೆ. ನೀನು ಹೆಂಗಸೋ? ಐತೆ. ಇದರಿಂದ ಏನೂ ತಿಳಿಯುವಂತಿರಲಿಲ್ಲ. ಬೀಗದ ಕೈ ಕೊಡಿ ಎಂದ. ಹಿಂದಕ್ಕೆ ಚಾಚಿದ ಅಂಗೈಗೆ ಏನೂ ಬರಲಿಲ್ಲ. ಸೌಟು, ಅಡಿಕೆ, ಬಾಚಣಿಗೆ, ಒಂದೂ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕಾಟಲಿಂಗಪ್ಪ ನಿಟ್ಟುಸಿರು ಬಿಟ್ಟು ಎತ್ತು ಹೂಡಲು ಹೊರಟ. ಇಲ್ಲ ಎನ್ನುವ ಮಾತು ಪಾಪಣ್ಣನ ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ಮಾತಿನ ಹಿಂದೆ ಕಾದ ಕಬ್ಬಿಣ ಕಂಡಿತು, ಇದೆ ಎಂದುಬಿಡೋಣವೆಂದರೆ ಬರಗೇರಮ್ಮನ ಬೆಂದ ಮೈ ಕಂಡಿತು. ಮತ್ತೊಮ್ಮೆ ಬೀಗದ ಕೈ ಕೊಡಿ ಎಂದವನು, ತನ್ನದೇ ನೇಮ ಮುರಿದು, ಸರಕ್ಕನೆ ಹಿಂತಿರುಗಿ ನೋಡಿದ.

ಎತ್ತಪ್ಪನ ಎಡಗೈ ಬೀಗದ ಕೈಯ ಮೇಲೆಯೇ ಇತ್ತು. ಅದನ್ನು ಹಿಡಿಯಲಿಲ್ಲ, ಒಂದು ಕ್ಷಣ ತಡೆದು, ತಪ್ಪು ಮಾಡಿದಂತೆ ಹಿಂದೆ ಸರಿದು ಮಡಿಲಿಗೆ ಬಂತು. ಬೆನ್ನು ತಿರುಗಿಸಿ ನಿಂತವನಿಗೆ ಇಷ್ಟು ಹೊತ್ತು ಇದು ಕಂಡಿರಲಿಲ್ಲ. ಯಾಕಮ್ಮ, ಯಾಕೆ ಕೊಡುತ್ತಿಲ್ಲ ಎಂದು ಅವನು ಮುದ್ದಕ್ಕನನ್ನು ಕೇಳಿದ. ಅಪ್ಪಣೆಯಂತೆ ಕಣ್ಣು ಮುಚ್ಚಿ ಕೂತಿದ್ದವಳು ಹೇಳಿದಳು:

“ಎಡಗೈಲಿ ಹೆಂಗ್ ಕೊಟ್ಟಾರು ಸ್ವಾಮಿ? ದೇವರ ಪೆಟ್ಟಿಗೆ ಹೊತ್ತೋರು. ಎಡಗೈಲಿ ಯಾರಿಗೂ ಒಂದ್ ಕಡ್ಡೀನೂ ಕೊಟ್ಟೋರಲ್ಲ.”

ಅದುವರೆಗೆ ಬಂದ, ಬಲಗೈ ಬಿದ್ದವರೆಲ್ಲ ಎಡಗೈಯಲ್ಲೇ ಕೊಟ್ಟುಬಿಡುತ್ತಿದ್ದರು. ಇದೊಂದು ಅಡ್ಡಿಯೆಂದು ಅವನಿಗೆ ತೋಚಿರಲೇ ಇಲ್ಲ. ಕೊಡಲಾಗದ ಕೈಗೆ ಏನು ಮಾಡಲಾದೀತು? ಪಾಪಣ್ಣ ಮತ್ತೆ ಗೋಡೆಗೆ ತಿರುಗಿದ, ಸ್ವರ ನಡುಗದಂತೆ ಹಿಡಿದುಕೊಂಡ.

“ಯಜಮಾನ್ರೆ, ನನಗೇನೂ ಕೊಡಬ್ಯಾಡ್ರಿ. ಗೆಜ್ಜೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಆಚೆ ಎಸೀರಿ.”

ಎಸೆಯುವುದಕ್ಕೆ ಎಡಗೈಗೆ ಅಡ್ಡಿಯಿಲ್ಲ. ಹಿಂದೆ ಏನೋ ಠಣ್ಣೆಂದು ಬಿತ್ತು. ಆಮೇಲೆ ಇನ್ನೊಂದು, ಒಂದು ಗೋಡೆಗೆ ಬಡಿಯಿತು, ಒಂದು ಉರುಳುತ್ತಾ ಹೋಯಿತು. ನಾಲ್ಕಾಯಿತು. ಇನ್ನು ಗೆಜ್ಜೆ ಝಲ್ಲೆನ್ನಬಾರದು. ಪಾಪಣ್ಣ ಕಣ್ಣು ಮುಚ್ಚಿ, ಆ ಸದ್ದಿಗಾಗಿ ಕಾದ. ಬದುಕಿನಲ್ಲಿ ಅಷ್ಟು ದೀರ್ಘವಾಗಿ ಅವನು ಯಾವುದಕ್ಕೂ ಹೆದರಿರಲಿಲ್ಲ. ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಬರಿದಾದ ಚಾಪೆಯ ಮೇಲೆ ಗೆಜ್ಜೆಯೊಂದೇ ಕೂತಿತ್ತು. ಆಕಸ್ಮಿಕವಿದ್ದೀತೆಂಬ ಅಂಜಿಕೆಗೆ ಇನ್ನೆರಡು ಸಲ, ಒಮ್ಮೆ ಸೌಟನ್ನೂ ಒಮ್ಮೆ ಅಡಿಕೆಯನ್ನೂ ಉಳಿಸಲು ಹೇಳಿದ. ಎರಡೂ ಉಳಿದವು.

ಬುದ್ಧಿ ನೆಟ್ಟಗಿದೆ, ಬರೆ ಬೇಡ ಎಂದು ಪಾಪಣ್ಣ ಕರೆದು ಹೇಳಿದಾಗ ಕಾಟಲಿಂಗಪ್ಪ ಕುಣಿದಾಡಲಿಲ್ಲ. ಕೈಯಲ್ಲಿದ್ದ ಎತ್ತಿನ ಕಣ್ಣಿಹಗ್ಗ ಹಾಗೇ ಜಾರಿತು. ಇಪ್ಪತ್ತು ದಿನ ಅಣ್ಣನ ತಲೆಯ ಹತ್ತಿರವೇ ಕೂತು ಕಬ್ಬಿಣ ಎಷ್ಟು ಕಾಯಬೇಕು, ಕೈಕಾಲು ಯಾರು ಹಿಡಿಯಬೇಕು ಎಂದು ಮಾತಾಡಿದವನು ಅವನೇ. ಪಾಪಣ್ಣ ಎತ್ತಪ್ಪನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಈ ಸಲ ಮುಖ ಕೊಟ್ಟು, ಮೆಲ್ಲಗೆ ಕೇಳಿದ.

“ಇವರು ಆಡಿದ್ದೆಲ್ಲ ಗೊತ್ತಾತಾ?”

“ಐತೆ,” ಎಂದ ಎತ್ತಪ್ಪ.

ಎಲ್ಲದಕ್ಕೂ ಬರುವ ಆ ಮಾತಿಗೆ ತೂಕವಿಲ್ಲವೆಂದು ಪಾಪಣ್ಣನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಮೈ ಜುಮ್ಮೆಂದಿತು. ಅಂದಿನಿಂದ ‘ಗೊತ್ತಾತಾ’ ಎನ್ನುವುದು ಅವನ ಬಾಯಿಂದ ಬಿದ್ದುಹೋಯಿತು. ಪರೀಕ್ಷೆಗೆ ಮೊದಲು ರೋಗಿಯ ಹಟ್ಟಿ ಯಾವುದು, ದೇವರು ಯಾವುದು, ಯಾವ ಕೈಯಲ್ಲಿ ಏನು ಮಾಡುವವರು ಎಂದು ಅರ್ಧ ದಿನ ವಿಚಾರಿಸುವುದು ಹೊಸ ರೂಢಿಯಾಯಿತು. ಪಾಪಣ್ಣನಿಗೆ ವಯಸ್ಸಾಯಿತು, ಪುಕ್ಕಲನಾದ ಎಂದು ಜನ ಆಡಿಕೊಂಡರು.

ಪುಕ್ಕಲನೇ ಸರಿ. ಇನ್ನೊಬ್ಬರ ಒಳಗೆ ಏನು ಉಳಿದಿದೆಯೆಂದು ಹೇಳಬೇಕಾದವರಲ್ಲಿ ಧೈರ್ಯಸ್ಥರಿಗೇನೂ ಕೊರತೆಯಿಲ್ಲ. ಒಂದು ಸಲ ಕೂಗಿ, ಉತ್ತರ ಬಾರದಿದ್ದರೆ ಒಳಗೆ ಯಾರೂ ಇಲ್ಲವೆಂದು ಹೊರಟುಬಿಡುವ ಧೈರ್ಯ ಅವರದು. ಪಾಪಣ್ಣನ ಜಾಯಮಾನದವರಿಗೆ ಆ ಧೈರ್ಯ ಬರುವುದಿಲ್ಲ. ತಾವು ಕೇಳಿದ ರೀತಿಯೇ ತಪ್ಪಿದ್ದೀತೆಂಬ ದಿಗಿಲಿನಲ್ಲಿ ಅವರು ನಿಂತೇ ಇರುತ್ತಾರೆ, ಮತ್ತೆ ಕೇಳುತ್ತಾರೆ. ಮಾತು ಕಳೆದುಕೊಂಡವರಿಗೆ ಈ ಲೋಕದಲ್ಲಿ ಇರುವ ಆಸರೆ ಆ ದಿಗಿಲೊಂದೇ.