ಯಂತ್ರ ಕಲಿತ ಕುರ್ಚಿ

"ಕುರ್ಚಿ ಎಲ್ಲಿ ಇಳಿಸ್ಲಿ ಮೇಡಂ?" ಎಂದು ಬಾಡಿಗೆ ಸಾಮಾನಿನ ಗಾಡಿಯವನು ಬಾಗಿಲಲ್ಲಿ ನಿಂತು ಕೇಳಿದಾಗ, ಮಗಳು ಅಪ್ಪನ ಹಾಸಿಗೆಯ ಹೊದಿಕೆಗಳನ್ನು ಕಿತ್ತು ರಾಶಿ ಹಾಕುತ್ತಿದ್ದಳು. ಆ ಮಾತು ಕಿವಿಗೆ ಬಿದ್ದದ್ದೇ ಅವಳ ಕೈ ನಿಂತಿತು. ಗಾಡಿಯವನಿಗೆ ಅದೆಲ್ಲ ಏನು ಗೊತ್ತು. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ತೂರಿಸಿ ಹೊತ್ತು ತಂದಿದ್ದ, ಭಾರ ಇಳಿಸಲು ಜಾಗ ಬೇಕಾಗಿತ್ತು ಅಷ್ಟೆ.

"ಅಂಗಳದಲ್ಲಿ ಹಾಕಪ್ಪ, ನೆರಳಿರೋ ಕಡೆ," ಎಂದು ಅವಳ ಬದಲು ಸೋದರತ್ತೆ ಉತ್ತರ ಕೊಟ್ಟಳು. ಸತ್ತವನ ಒಬ್ಬಳೇ ತಂಗಿ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದವಳು, ಅಣ್ಣನ ಪಾದ ಮುಟ್ಟಿ ಹತ್ತು ನಿಮಿಷ ಅತ್ತು, ಮುಖ ತೊಳೆದುಕೊಂಡು, ಮನೆಯ ಯಜಮಾನಿಕೆ ಪೂರ್ತಿ ತನ್ನ ತಲೆಗೆ ಹೊತ್ತುಕೊಂಡಿದ್ದಳು. ಅಡುಗೆಮನೆ ಅವಳದು, ಫೋನು ಅವಳದು, ಬಂದವರಿಗೆ ಸುದ್ದಿ ಹೇಳುವ ಕೆಲಸವಂತೂ ಅವಳಿಗೇ ಮೀಸಲು.

ಅಪ್ಪ ಮುಂದಿನ ಕೋಣೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಲಗಿದ್ದ. ಚಿತ್ರ ನೋಡಿ ಗುರುತು ಹಿಡಿಯುವುದನ್ನು ಯಂತ್ರಕ್ಕೆ ಕಲಿಸುತ್ತಾ ಆಯುಷ್ಯ ಕಳೆದ ಮನುಷ್ಯ. ಸಂಶೋಧನಾ ಕೇಂದ್ರದಲ್ಲಿ ಅವನದೇನೂ ದೊಡ್ಡ ಹೆಸರಲ್ಲ. ಹತ್ತು ಜನ ಸೇರಿ ಪ್ರಬಂಧ ಬರೆದರೆ ಇವನ ಹೆಸರು ನಡುವೆ ಎಲ್ಲೋ ಇರುತ್ತಿತ್ತು. ಯಾರಾದರೂ ಇಂಟರ್‌ನೆಟ್ಟಿನಲ್ಲಿ ಒಂದು ಪದ ಬರೆದು ಹುಡುಕಿದರೆ ಆ ಪದಕ್ಕೆ ತಕ್ಕ ಚಿತ್ರವೇ ಸಿಗಬೇಕು, ಇದೊಂದೇ ಅವನ ಹಟ. ಅಂಥವನು ಕೊನೆಯ ಎರಡು ವರ್ಷ ಮರೆವಿನ ಕಾಯಿಲೆಗೆ ಸಿಕ್ಕಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ತಲೆ ಬಾಚಿಕೊಳ್ಳಲು ಹೋಗುತ್ತಿದ್ದ.

ಸತ್ಯ ಹೇಳಬೇಕೆಂದರೆ ಮಗಳಿಗೆ ಹಗುರವಾಗಿತ್ತು. ಎರಡು ವರ್ಷ ಎತ್ತಿ ಕೂರಿಸಿದ್ದಾಳೆ, ಒರೆಸಿದ್ದಾಳೆ, ಬೀದಿಗೆ ಹೋದವನನ್ನು ಓಡಿಹೋಗಿ ಹಿಡಿದು ತಂದಿದ್ದಾಳೆ. ಈ ಬೆಳಿಗ್ಗೆ ಎದ್ದಾಗ ಅವಳ ಬೆನ್ನು ನೋಯುತ್ತಿತ್ತು, ಮನಸ್ಸು ನೋಯುತ್ತಿರಲಿಲ್ಲ. ಅಪ್ಪನಿಗೂ ಸಾಕಾಗಿತ್ತು, ತನಗೂ ಸಾಕಾಗಿತ್ತು. ಇದನ್ನು ಬಾಯಿಬಿಟ್ಟು ಹೇಳಲಾಗದು, ಆದರೆ ಅವಳಿಗೆ ಅದರ ಬಗ್ಗೆ ನಾಚಿಕೆಯೂ ಇರಲಿಲ್ಲ.

ಉಳಿದಿದ್ದುದು ಒಂದು ಮುಳ್ಳು. ಅದನ್ನು ಅತ್ತೆ ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದಳು.

"ನಾನು ಬಂದ ತಕ್ಷಣ ಪುಟ್ಟಿ ಬಂದ್ಲಾ ಅಂತಿದ್ದ ನಮ್ಮಣ್ಣ. ಪಕ್ಕದ ಮನೆಯೋರ ಗುರುತು ಸಿಗ್ತಿತ್ತು. ಹಾಲಿನೋನ ಗುರುತೂ ಸಿಗ್ತಿತ್ತು. ಆದ್ರೆ ಈ ಹುಡುಗೀನ ನೋಡಿ, ಪಾಪ, ಹೊತ್ತು ಗೊತ್ತು ನೋಡ್ದೆ ಸೇವೆ ಮಾಡಿದ್ಳಲ್ಲ, ಇವಳನ್ನ ಕುರ್ಚಿ ಅಂತಿದ್ದ. ಹಣೆಬರಹ ನೋಡಿ."

ಬಂದವರು ಲೊಚಗುಟ್ಟಿ ಮಗಳ ಕಡೆ ನೋಡುತ್ತಿದ್ದರು. ಅವಳು ಅಡುಗೆಮನೆಗೆ ಸರಿದುಬಿಡುತ್ತಿದ್ದಳು.

ಅತ್ತೆ ಅಲ್ಲಿಗೂ ಬಂದಳು. "ನೋಡು, ಸಂಜೆ ದಹನಗೃಹದಲ್ಲಿ ಒಳಗೆ ಕಳಿಸೋ ಮುಂಚೆ ನೀನು ನಾಲ್ಕು ಮಾತಾಡ್ಬೇಕು. ಒಬ್ಬಳೇ ಮಗಳು. ನೀನಲ್ದೆ ಇನ್ಯಾರು ಮಾತಾಡ್ತಾರೆ?"

"ಏನಂತ ಮಾತಾಡ್ಲಿ ಅತ್ತೆ?"

"ಅಪ್ಪಂಗೆ ನಿನ್ನ ಕಂಡ್ರೆ ಪ್ರಾಣ ಅಂತ ಹೇಳು. ಎಲ್ಲರೂ ಅದನ್ನೇ ಹೇಳೋದು."

ಎಲ್ಲರೂ ಹೇಳಬಹುದು. ಇವಳ ನಾಲಿಗೆ ಏಳುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಒಂದೇ ಒಂದು ಉತ್ತರ: ಎರಡು ವರ್ಷ ತನ್ನ ಬಾಯಿಗೆ ಅನ್ನ ಇಡುತ್ತಿದ್ದವಳು ಮಗಳು ಎಂದು ಅಪ್ಪನಿಗೆ ಗೊತ್ತಿತ್ತೇ, ಇಲ್ಲವೇ. ಉತ್ತರ ಹೇಳಬೇಕಾದವನು ಮುಂದಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ.

*

ಮೊದಲ ಸಲ ಅಪ್ಪ ಹಾಗೆಂದಾಗ ಅವಳು ನಿಜಕ್ಕೂ ಕುರ್ಚಿ ತಂದಿದ್ದಳು.

ಬೆಳಿಗ್ಗೆ ಹಾಲಿನ ಲೋಟ ಹಿಡಿದು ಕೋಣೆಗೆ ಬಂದಳು. ದಿಂಬಿಗೊರಗಿ ಕುಳಿತ ಅಪ್ಪ ಅವಳ ಮುಖ ನೋಡಿ, "ಕುರ್ಚಿ," ಎಂದ. ಎದ್ದು ಕೂರಬೇಕು ಅನ್ನಿಸಿರಬೇಕೆಂದುಕೊಂಡು ಊಟದ ಮೇಜಿನ ಕುರ್ಚಿಯನ್ನು ಎಳೆದು ತಂದಳು. ಅವನು ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮಾರನೆಯ ದಿನ ಬೆತ್ತದ್ದು ತಂದಳು. ಆಮೇಲೆ ಕೈಯಿರುವುದು, ಕೈಯಿಲ್ಲದ್ದು, ಮಡಚುವಂಥದು, ಪಕ್ಕದ ಮನೆಯಿಂದ ಕೇಳಿ ತಂದ ತೂಗುವಂಥದು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಅಪ್ಪ ಅವುಗಳ ಮೇಲೆ ಟವಲ್ಲು ಒಣಹಾಕಿದ. "ಇದನ್ನ ಆ ಕಡೆ ಸರಿಸು," ಎಂದ. ಅವಳು ಸರಿಸಲು ಬಂದರೆ ಅವಳನ್ನು ನೋಡಿ ನಕ್ಕು, "ಕುರ್ಚಿ," ಎಂದ.

ಒಂದು ಮಧ್ಯಾಹ್ನ, ಅಂದು ಮೂರನೆಯ ಸಲ ಹಾಸಿಗೆ ಬದಲಿಸಿ ಮುಗಿಸಿದವಳ ತಾಳ್ಮೆಯ ಕಟ್ಟೆಯೊಡೆಯಿತು.

"ನಾನು ಕುರ್ಚಿ ಅಲ್ಲಪ್ಪ. ನಿನ್ನ ಮಗಳು. ಒಂದ್ಸಲ, ಒಂದೇ ಒಂದ್ಸಲ ಮಗಳು ಅನ್ನು."

ಅಪ್ಪ ಅವಳ ಕೆನ್ನೆ ಸವರಿ, ಬಿದ್ದು ಅಳುವ ಮಗುವನ್ನು ರಮಿಸುವ ದನಿಯಲ್ಲಿ, "ಹೌದು ಹೌದು. ಕುರ್ಚಿ," ಎಂದ.

ಅವಳು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಅಂದಿನಿಂದ ತಿದ್ದುವುದನ್ನು ಬಿಟ್ಟಳು. ಹೊರಗಿನವರು ಬಂದರೆ ಅಪ್ಪನ ಬಾಯಿಂದ ಆ ಮಾತು ಬರುವ ಮೊದಲೇ ತಾನು ಆಚೆ ಹೋಗಿಬಿಡುವುದನ್ನು ರೂಢಿ ಮಾಡಿಕೊಂಡಳು. ಅತ್ತೆಯೊಬ್ಬಳ ಮುಂದೆ ಸಿಕ್ಕಿಬಿದ್ದಳು, ಅತ್ತೆಯ ಬಾಯಿಗೆ ಬೀಗವಿರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಸಂಶೋಧನಾ ಕೇಂದ್ರದ ಹಳಬರಿಬ್ಬರು ಬಂದರು. ಒಬ್ಬ, ಯಾವ ಬಾಗಿಲಲ್ಲೂ ತಲೆ ತಗ್ಗಿಸಿಯೇ ನುಗ್ಗಬೇಕಾದ ಆಸಾಮಿ, ಎಲ್ಲರ ಬಾಯಲ್ಲೂ ಉದ್ದಣ್ಣ. ಇನ್ನೊಬ್ಬಳು ಅವನ ಮೊಣಕೈ ಎತ್ತರದ ಮುದುಕಿ, ಅಪ್ಪನ ಲೆಕ್ಕಾಚಾರಗಳನ್ನೆಲ್ಲ ಯಂತ್ರಕ್ಕೆ ಅರ್ಥವಾಗುವ ಹಾಗೆ ಬರೆಯುತ್ತಿದ್ದವಳು. ಅವಳಿಗೆ ಗುಬ್ಬಿ ಎಂದು ಹೆಸರು. ಇಬ್ಬರೂ ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದವು. ಗುಬ್ಬಿ ಅಪ್ಪನ ಅಂಗಿಯ ಕಾಲರು ಸರಿಮಾಡಿ, "ಬದುಕಿದ್ದಾಗ ಒಂದಿನಾನೂ ನೆಟ್ಟಗಿರಲಿಲ್ಲ ಇದು," ಎಂದು ಕಣ್ಣೊರೆಸಿಕೊಂಡಳು.

ಅವರಿಗೆ ಚಹಾ ಕೊಟ್ಟು ಕೂರಿಸಿದ ಅತ್ತೆ ತನ್ನ ಕತೆ ಶುರುಮಾಡಿದಳು. ಪುಟ್ಟಿ ಬಂದ್ಲಾ ಅಂತಿದ್ದ, ಹಾಲಿನೋನ ಗುರುತೂ ಸಿಗ್ತಿತ್ತು, ಈ ಹುಡುಗೀನ ಮಾತ್ರ ಕುರ್ಚಿ ಅಂತಿದ್ದ. ಲೋಟ ಎತ್ತಿಕೊಳ್ಳಲು ಬಂದ ಮಗಳಿಗೆ ಈ ಸಲ ತಪ್ಪಿಸಿಕೊಳ್ಳಲಾಗಲಿಲ್ಲ.

ಗುಬ್ಬಿ ಉದ್ದಣ್ಣನ ಮುಖ ನೋಡಿದಳು. ಅವನು ಇವಳ ಮುಖ ನೋಡಿದ. ಗುಬ್ಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ತಡೆಯಲಾಗದೆ ಕಿಸಕ್ಕೆಂದು ನಕ್ಕುಬಿಟ್ಟಳು.

ಮಗಳಿಗೆ ಮೈಯೆಲ್ಲ ಉರಿಯಿತು. "ನಗೋ ವಿಷಯಾನಾ ಇದು?"

"ತಪ್ಪಾಯ್ತು ಮಗು," ಎಂದ ಉದ್ದಣ್ಣ. "ಅವಳು ಶುಕ್ರವಾರದ ನಿಯಮ ಮುರಿದ್ಲು."

"ಯಾವ ನಿಯಮ?"

"ನಿಮ್ಮಪ್ಪ ಮಾಡಿದ್ದು. ಶುಕ್ರವಾರ ಸಂಜೆ ನಮ್ಮ ಯಂತ್ರ ಆ ವಾರ ತಪ್ಪು ಹೇಳಿದ ಚಿತ್ರಗಳನ್ನ ಮಾತ್ರ ಗೋಡೆ ಮೇಲೆ ಹಾಕಿ ಎಲ್ಲರೂ ನೋಡ್ತಿದ್ವಿ. ನಮ್ಮ ನಿರ್ದೇಶಕರ ಬೋಳುತಲೆ ನೋಡಿ ಮೊಟ್ಟೆ ಅಂದಿತ್ತು. ಯಾರೂ ನಗೋ ಹಾಗಿಲ್ಲ. ಅದು ಯಾಕೆ ಹಾಗಂದುಕೊಳ್ತು ಅಂತ ಮೊದಲು ಯಾರಾದ್ರೂ ಕಾರಣ ಹೇಳ್ಬೇಕು, ಆಮೇಲೆ ನಗು. ಯಂತ್ರ ಸುಳ್ಳು ಹೇಳಲ್ಲ, ನಾವು ಏನು ತೋರಿಸಿದ್ವೋ ಅದನ್ನ ಹೇಳುತ್ತೆ ಅಂತಿದ್ರು."

"ನಾನು ಮೊದಲೇ ನಕ್ಕೆ, ಯಾಕಂದ್ರೆ ಕಾರಣ ನಂಗೆ ಗೊತ್ತು," ಎಂದಳು ಗುಬ್ಬಿ. "ನಿಂಗೆ ಗೊತ್ತಿಲ್ವಾ? ನಿಮ್ಮಪ್ಪ ಕೊನೇವರೆಗೂ ಹೇಳೇ ಇಲ್ವಾ?"

*

ಆಗ ಮಗಳಿಗೆ ಹತ್ತು ವರ್ಷ. ಆ ಕಾಲದಲ್ಲಿ ಇಂಟರ್‌ನೆಟ್ಟಿನ ಹುಡುಕಾಟಕ್ಕೆ ಕಣ್ಣಿರಲಿಲ್ಲ. ಚಿತ್ರದ ಪಕ್ಕದಲ್ಲಿ ಬರೆದ ಮಾತನ್ನು ಓದಿ, ಚಿತ್ರದಲ್ಲಿರುವುದೂ ಅದೇ ಎಂದು ನಂಬುತ್ತಿತ್ತು. ಕುರ್ಚಿ ಎಂದು ಹುಡುಕಿದರೆ ಕುರ್ಚಿಗಾಗಿ ಕಿತ್ತಾಡುವ ರಾಜಕಾರಣಿಗಳ ಮುಖಗಳು ಸಾಲುಗಟ್ಟಿ ಬರುತ್ತಿದ್ದವು. ಅಪ್ಪನಿಗೆ ರೇಗಿತು. ಯಂತ್ರ ಚಿತ್ರವನ್ನೇ ನೋಡಿ ಹೇಳಲಿ ಎಂದು ಹೊರಟ. ಹಾಗೆ ಕಲಿಸಬೇಕಾದರೆ ರಾಶಿ ರಾಶಿ ಕುರ್ಚಿಗಳ ಚಿತ್ರ ತೋರಿಸಬೇಕು. ಅವನೇ ಕ್ಯಾಮೆರಾ ಹಿಡಿದು ಮನೆಯವು, ನೆರೆಮನೆಯವು, ಶಾಲೆಯವು ಎಲ್ಲದರ ಚಿತ್ರ ತೆಗೆದ, ಕೊನೆಗೆ ಕ್ಷೌರದಂಗಡಿಯ ತಿರುಗುವ ಕುರ್ಚಿಯನ್ನೂ ಬಿಡಲಿಲ್ಲ. ಖಾಲಿ ಕುರ್ಚಿಯ ಅಳತೆ ತಿಳಿಯುವುದಿಲ್ಲವೆಂದು ಪ್ರತಿಯೊಂದರ ಮೇಲೂ ಮಗಳನ್ನು ಕೂರಿಸಿದ. ಅಲುಗಾಡಬೇಡ ಎಂದು ಅಪ್ಪ ಗದರಿದ್ದು, ಜಡೆ ಬಿಗಿಯಾಗಿ ತಲೆ ನೋಯುತ್ತಿದ್ದುದು ಅವಳಿಗೆ ಈಗಲೂ ನೆನಪಿದೆ.

ಪರೀಕ್ಷೆಯ ದಿನ ಹಣ ಕೊಡುವ ದೊಡ್ಡವರೆಲ್ಲ ಬಂದು ಕುಳಿತರು.

"ಹಾಲ್ ತುಂಬ ಕುರ್ಚಿ ಜೋಡಿಸಿದ್ವಿ," ಎಂದಳು ಗುಬ್ಬಿ. "ಕ್ಯಾಮೆರಾ ಆ ಕಡೆ ತಿರುಗಿಸಿದ್ರೆ ಯಂತ್ರ ಗಪ್‌ಚಿಪ್. ಕುರ್ಚಿ ಕಂಡ್ರೆ ಗಂಟೆ ಬಾರಿಸ್ಬೇಕು ಅದು. ಬಾರಿಸ್ಲೇ ಇಲ್ಲ. ನಿಮ್ಮಪ್ಪ ಬೆವರ್ತಾ ಇದ್ರು. ಅಷ್ಟು ಹೊತ್ತಿಗೆ ನೀನು ಬಾಗಿಲು ತಳ್ಳಿಕೊಂಡು ಬಂದೆ."

"ಅಪ್ಪ ಕನ್ನಡಕ ಮರೆತು ಹೋಗಿದ್ರು. ಕೊಡೋಕೆ ಬಂದೆ."

"ಹೂಂ. ಟಣ್ ಅಂತ ಗಂಟೆ. ಪರದೆ ಮೇಲೆ ಇಷ್ಟು ದಪ್ಪಕ್ಕೆ, ಕುರ್ಚಿ. ನೀನು ಆ ಕಡೆ ಹೋದ್ರೆ ಆ ಕಡೆ ಟಣ್, ಈ ಕಡೆ ಬಂದ್ರೆ ಈ ಕಡೆ ಟಣ್. ಎಲ್ಲ ಚಿತ್ರದಲ್ಲೂ ಕುರ್ಚಿ ಬೇರೆ ಬೇರೆ, ನೀನೊಬ್ಬಳೇ ಒಂದೇ. ಅದು ನಿನ್ನನ್ನೇ ಕಲ್ತಿತ್ತು. ಗಣಪನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರು ಅಂತಾರಲ್ಲ, ನಿಮ್ಮಪ್ಪ ಕುರ್ಚಿ ಮಾಡೋಕೆ ಹೋಗಿ ಮಗಳನ್ನ ಮಾಡಿದ್ರು."

ಮಗಳಿಗೆ ಆ ದಿನದ ನಗು ನೆನಪಿತ್ತು, ಕಾರಣ ಗೊತ್ತಿರಲಿಲ್ಲ. ಪರದೆ ಅವಳಿಗೆ ಬೆನ್ನು ಮಾಡಿತ್ತು. ಕೋಟು ತೊಟ್ಟವರು ಕೋಣೆ ತುಂಬ ತನ್ನನ್ನೇ ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದರು. ಕನ್ನಡಕ ಅಲ್ಲೇ ಬಿಸಾಕಿ ಓಡಿದ್ದಳು. ಅಂದು ಸಂಜೆ ಅಪ್ಪ ಏನೋ ವಿವರಿಸಲು ಬಂದಾಗ ಕಿವಿ ಮುಚ್ಚಿಕೊಂಡು ಕಿರುಚಿದ್ದಳು. ಮತ್ತೆ ಆ ಕೇಂದ್ರದ ಹೊಸ್ತಿಲು ತುಳಿಯಲಿಲ್ಲ, ಅಪ್ಪನೂ ಆ ವಿಷಯ ಎತ್ತಲಿಲ್ಲ.

"ಅವಳ ಮುಂದೆ ಬಾಯಿ ಬಿಡಬೇಡಿ, ನೊಂದುಕೊಂಡಿದಾಳೆ ಅಂತ ನಮ್ಮ ಹತ್ರ ಮಾತು ತಗೊಂಡ್ರು," ಎಂದ ಉದ್ದಣ್ಣ. "ಆದ್ರೆ ಲ್ಯಾಬಲ್ಲಿ ಅವತ್ತಿಂದ ನಿನ್ನ ಹೆಸರೇ ಅದು. ಕುರ್ಚಿಗೆ ಜ್ವರ, ಬೇಗ ಹೊರಡ್ತೀನಿ ಅನ್ನೋರು. ಕುರ್ಚಿ ಗಣಿತದಲ್ಲಿ ಪಾಸಾಯ್ತು. ಕುರ್ಚಿಗೆ ಕೆಲಸ ಸಿಕ್ತು, ಸಿಹಿ ತಗೊಳ್ಳಿ. ನಿನ್ನ ನಿಜವಾದ ಹೆಸರು ನಂಗೆ ಗೊತ್ತಾಗಿದ್ದೇ ಎಷ್ಟೋ ವರ್ಷದ ಮೇಲೆ."

ಮಗಳು ಖಾಲಿ ಲೋಟಗಳನ್ನು ನೆಲದ ಮೇಲಿಟ್ಟು ತಾನೂ ನೆಲಕ್ಕೇ ಕುಳಿತಳು. "ಹಾಗಾದ್ರೆ ನಾನೇ ಅಂತ ಗೊತ್ತಿತ್ತಾ?"

"ನೀನೇ ಹೇಳು. ಬೇರೆ ಯಾರನ್ನಾದ್ರೂ ಹಾಗಂದಿದ್ರಾ?"

ಅವಳು ನೆನಪು ಮಾಡಿಕೊಂಡಳು. ಅತ್ತೆಯನ್ನು ಅಂದಿರಲಿಲ್ಲ. ಹಾಲಿನವನನ್ನೂ ಅಂದಿರಲಿಲ್ಲ. "ನಾನು ಅಷ್ಟೊಂದು ಕುರ್ಚಿ ತಂದು ಕೋಣೆ ತುಂಬಿಸಿದೆ," ಎಂದಳು ನಿಧಾನಕ್ಕೆ. "ಒಂದನ್ನೂ ಕುರ್ಚಿ ಅನ್ಲಿಲ್ಲ. ಅದು ಇದು ಅಂತಿದ್ರು."

"ಮತ್ತೆ?" ಎಂದ ಉದ್ದಣ್ಣ.

ಎರಡು ವರ್ಷ ಎದೆಯ ಮೇಲೆ ಕೂತಿದ್ದುದು ಎದ್ದು ಹೋಯಿತು. ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು, ಅಳುತ್ತಾ ಮತ್ತೆ ನಗು. ಗುಬ್ಬಿಯೂ ಸೇರಿಕೊಂಡಳು. ಅಂಗಳದಲ್ಲಿ ಕುಳಿತವರು ಕತ್ತು ಚಾಚಿ ಕಿಟಕಿಯ ಕಡೆ ನೋಡಿದರು.

"ಹೆಣ ಮುಂದಿಟ್ಕೊಂಡು ಇದೇನ್ರೇ ನಿಮ್ಮ ಅವತಾರ," ಎಂದು ಅತ್ತೆ ಗದರಿದಳು. ಆಮೇಲೆ, "ಅಂದ್ರೆ ನಾನು ಇಷ್ಟು ಜನಕ್ಕೆ ಹೇಳಿದ್ದೆಲ್ಲ ತಪ್ಪಾಯ್ತಲ್ಲೇ," ಎಂದು ತಲೆಯ ಮೇಲೆ ಕೈಯಿಟ್ಟುಕೊಂಡಳು.

*

ದಹನಗೃಹದ ಸಭಾಂಗಣ ಬೆಳ್ಳಗೆ, ತಣ್ಣಗೆ ಇತ್ತು. ಮಗಳು ಎದ್ದು ನಿಂತಾಗ ಅತ್ತೆ ಕಣ್ಣಿನಲ್ಲೇ ಧೈರ್ಯ ಹೇಳಿದಳು.

"ನನ್ನ ಹೆಸರು ನಿಮಗೆಲ್ಲ ಗೊತ್ತು," ಎಂದು ಮಗಳು ಶುರುಮಾಡಿದಳು. "ನಮ್ಮಪ್ಪಂಗೆ ನಾನು ಕುರ್ಚಿ. ಯಾಕೆ ಅಂತ ಹೇಳ್ತೀನಿ. ಕಾರಣ ಕೇಳಿದ್ಮೇಲೆ ನಗಬಹುದು, ಅದು ಅವರದೇ ನಿಯಮ."

ಅವಳು ಹೇಳಿ ಮುಗಿಸುವಷ್ಟರಲ್ಲಿ ಇಡೀ ಸಭಾಂಗಣ ನಗುತ್ತಿತ್ತು. ಬಾಗಿಲ ಬಳಿ ನಿಂತ ದಹನಗೃಹದ ನೌಕರ ಗೋಡೆಗೆ ಮುಖ ತಿರುಗಿಸಿಕೊಂಡು ನಕ್ಕ. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕು, ಪಕ್ಕದವರಿಗೆ, "ನನ್ನನ್ನ ಪುಟ್ಟಿ ಅಂತ ಮಾತ್ರ ಅಂತಿದ್ದ," ಎಂದಳು.

ಎಲ್ಲ ಮುಗಿದು ನೌಕರ ಒಳಗಿನ ಬಾಗಿಲು ತೆರೆಯಲು ಹೋದಾಗ ಉದ್ದಣ್ಣ ಮುಂದೆ ಬಂದು ಅಂಗಿಯೊಳಗಿಂದ ಒಂದು ಚಿತ್ರ ತೆಗೆದ. ಅಂಚು ಹಳದಿಯಾಗಿತ್ತು, ನಾಲ್ಕು ಮೂಲೆಗಳಲ್ಲೂ ಪಿನ್ನಿನ ತೂತುಗಳಿದ್ದವು.

"ಲ್ಯಾಬಿನ ಗೋಡೆ ಮೇಲಿತ್ತು. ಅವರ ಜೊತೆ ಕಳಿಸೋಣ ಅಂತ ತಂದ್ವಿ. ನಿನ್ನ ಕೇಳದೆ ಇಡೋದು ಸರಿಯಲ್ಲ."

ಮಗಳು ಅದನ್ನು ದೀಪದ ಕಡೆ ಹಿಡಿದು ನೋಡಿದಳು. ಯಾರದೋ ಮನೆಯ ಅಗಲವಾದ ಮರದ ಕುರ್ಚಿ, ಅದರ ಮೇಲೆ ಕಾಲು ನೆಲಕ್ಕೆಟುಕದ ಹುಡುಗಿ. ತಾನು ಕಂಡದ್ದು ಎಲ್ಲಿದೆ ಎಂದು ತೋರಿಸಲು ಯಂತ್ರ ಕೆಂಪು ಗೆರೆಯಲ್ಲಿ ಒಂದು ಚೌಕ ಎಳೆದು, ಮೇಲೆ ಕುರ್ಚಿ ಎಂದು ಬರೆದಿತ್ತು. ಚೌಕದೊಳಗೆ ಎರಡು ಜಡೆ, ಗಂಟಿಕ್ಕಿದ ಹುಬ್ಬು, ಫ್ರಾಕು, ಒಂದರ ಮೇಲೊಂದು ಇಟ್ಟುಕೊಂಡ ಕೈಗಳು, ನೇತಾಡುವ ಬೂಟುಗಳು. ಕುರ್ಚಿಯ ಎರಡು ಕೈಗಳು, ನಾಲ್ಕು ಕಾಲುಗಳು ಗೆರೆಯ ಆಚೆ ಉಳಿದಿದ್ದವು.