ಕಟ್ಟೆ ಒಡೆದು ತಂದ ಸೋಫಾ

ನನ್ನ ತಮ್ಮ ಫಿರೋಜ್ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾನೆ. ಹೇಳಲಿ, ಅದಕ್ಕೆ ಸಂಬಳ ಕೊಡುತ್ತಾರೆ. ಆದರೆ ಬ್ಯಾಡಗಿಯ ಮನೆಗೆ ಬಂದಮೇಲೂ ಆ ಬಾಯಿ ಮುಚ್ಚುವುದಿಲ್ಲ. ಬಕೆಟ್ಟು ಮುಟ್ಟಿದರೆ ಬಕೆಟ್ಟಿನ ಹುಟ್ಟು, ಚಹಾದ ಬಶಿ ಮುಟ್ಟಿದರೆ ಬಶಿಯ ವಂಶಾವಳಿ. ಯಾವ ಶಬ್ದ ಯಾವ ದೇಶದಿಂದ ಬಂತೆಂದು ಬಲ್ಲ ಈ ಪಂಡಿತನಿಗೆ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಇವತ್ತಿಗೂ ಗೊತ್ತಿಲ್ಲ.

ಅವನಿಗೆ ಹಲಗೇರಿಯಲ್ಲಿ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹುಡುಗಿಯ ಚಿಕ್ಕಪ್ಪ ದಾದಾಸಾಬ, ಮನೆ ನೋಡಿ ಉಂಡು ಹೋಗುತ್ತೇವೆಂದು ಹೇಳಿ ಕಳಿಸಿದ್ದರು. ಅಂದಿನಿಂದ ಫಿರೋಜನಿಗೆ ಸೋಫಾದ್ದೇ ಜಪ.

"ಬಂದವ್ರು ಎಲ್ಲಿ ಕುಂದರಬೇಕು ಆಪಾ? ಚಾಪಿ ಮ್ಯಾಲೆ?"

"ಅಪ್ಪ ತೀರಿಕೊಂಡಾಗ ಓಣಿಗೆ ಓಣಿನ ಚಾಪಿ ಮ್ಯಾಲೆ ಕುಂತಿತ್ತು. ಯಾರಿಗೂ ಏನೂ ಚುಚ್ಚಲಿಲ್ಲ."

ನನ್ನ ಮಾತು ಅವನ ಕಿವಿಗೆ ಹೋಗಿದ್ದೇ ಯಾವಾಗ? ಹಾವೇರಿಗೆ ಹೋಗಿ, ಕೆಂಪು ಬಣ್ಣದ್ದೊಂದು ಉದ್ದನೆಯ ಸೋಫಾ ಆರಿಸಿ, ಟೆಂಪೋದಲ್ಲಿ ಹೇರಿಸಿಕೊಂಡು ಬಂದ. ಆಗ ನಾನು ಅಸ್ತರದ ಬಟ್ಟೆ ತರಲು ಪೇಟೆಗೆ ಹೋಗಿದ್ದೆ. ತಿರುಗಿ ಬಂದಾಗ ನಮ್ಮ ಬಾಗಿಲ ಮುಂದಿನ ಕಟ್ಟೆಯೇ ಇರಲಿಲ್ಲ. ಓಣಿ ಇಕ್ಕಟ್ಟು, ಕಟ್ಟೆ ಅಡ್ಡವಾಗಿ ಸೋಫಾ ಬಾಗಿಲಿಗೆ ತಿರುಗಲಿಲ್ಲವಂತೆ. ಕಟ್ಟೆಯ ಹಾಸುಗಲ್ಲುಗಳನ್ನು ಕಿತ್ತು ಗೋಡೆಗೆ ಒಟ್ಟಿದ್ದರು. ನನ್ನ ಹೊಲಿಗೆ ಮಷಿನ್ನು ಹಿತ್ತಲಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು.

ಆ ಕಟ್ಟೆಯ ಮೇಲೆ ಅಪ್ಪ ಹೊಲಿದರು, ಅವರ ನಂತರ ನಾನು ಹೊಲಿಯುತ್ತೇನೆ. ಮನೆಯೊಳಗೆ ಮಧ್ಯಾಹ್ನವೂ ಕತ್ತಲೆ, ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಕಟ್ಟೆಯ ಇನ್ನೊಂದು ತುದಿಗೆ ಎದುರು ಮನೆಯ ಮಂಗಳವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂಡುತ್ತಾಳೆ. ನನ್ನ ಅಂಗಡಿ, ನನ್ನ ಬೆಳಕು, ನನ್ನ ಹರಟೆ ಎಲ್ಲ ಅದೇ.

ಒಳಗೆ ಹೋದರೆ ನಮ್ಮ ಪಂಡಿತ ಪ್ಲಾಸ್ಟಿಕ್ ಕೂಡ ಬಿಚ್ಚದ ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ ಅಮ್ಮನಿಗೆ ಪಾಠ ಹೇಳುತ್ತಿದ್ದ.

"ಇದು ಇಂಗ್ಲಿಷ್ ಶಬ್ದ ಅಂತ ಮಂದಿ ತಿಳಕೊಂಡಾರ. ಮೂಲ ಅರಬ್ಬಿ! ಸುಫ್ಫಾ. ಅಂದ್ರ ಕುಂದ್ರೋ ಕಟ್ಟಿ. ಮದೀನಾದ ಮಸೀದಿಯಾಗ ನೆರಳಿನ ಕಟ್ಟಿ ಇತ್ತಲ್ಲ, ಮನಿ ಇಲ್ಲದ ಬಡವ್ರು ಕುಂತು ಕಲೀತಿದ್ರು, ಅದನ್ನೂ ಸುಫ್ಫಾನ ಅಂತಿದ್ರು. ಅದಕ್ಕಿಂತ ಹಿಂದ ಚಾಪಿ ಅಂತ ಅರ್ಥ ಇತ್ತಂತ. ಟರ್ಕಿಯಾಗ ಪಡಸಾಲಿಗೂ ಸೋಫಾ ಅಂತಾರ. ಇಂಗ್ಲಿಷಿಗೆ ಬಂದ ಮ್ಯಾಲೆ ಹಿಂಗ ಮೆತ್ತಗಾತು ನೋಡು."

ಕಟ್ಟೆಯ ಧೂಳು ಇನ್ನೂ ಅವನ ಪ್ಯಾಂಟಿನ ಮೇಲಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ನಾ ಎಲ್ಲಿ ಹೊಲೀಲೋ?"

"ಒಳಗ ಲೈಟ್ ಹಾಕ್ಕೊಂಡು ಹೊಲಿ ಆಪಾ. ಲೆಕ್ಚರರ್ ಮನಿಯವ್ರು ಬೀದಿಯಾಗ ಕುಂದ್ರೋದು ಶೋಭಾ ಅಲ್ಲ."

ಅವನ ಕಾಲೇಜಿನ ಫೀಸು ಕಟ್ಟಿದ್ದು ಆ ಶೋಭೆಯಿಲ್ಲದ ಕಟ್ಟೆಯೇ. ನಾನು ಬಾಯಿ ತೆರೆದೆ. ಅಮ್ಮ ನನ್ನ ಕೈ ಹಿಡಿದಳು. "ಬಂದವ್ರು ಹೋಗಲಿ ತಡಿಯವ್ವಾ."

ಹೇಳಿದ ದಿನ ಹೆಂಡತಿ, ಹುಡುಗಿಯ ಅಣ್ಣಂದಿರ ಸಮೇತ ದಾದಾಸಾಬ ಬಂದರು. ಸಾಲಾಗಿ ಸೋಫಾದ ಮೇಲೆ ಕೂತರು. ಯಾರು ಮಿಸುಕಿದರೂ ಪ್ಲಾಸ್ಟಿಕ್ಕು ಚರಚರ ಎನ್ನುತ್ತಿತ್ತು. ಫಿರೋಜ್ ಅವರಿಗೂ ಸುಫ್ಫಾ, ಟರ್ಕಿ ಎಲ್ಲ ಬಡಿಸಿದ. ಪಾಪ, ಹಸಿದವರು ಎಲ್ಲದಕ್ಕೂ ತಲೆಯಾಡಿಸಿದರು.

ಬಿರಿಯಾನಿಯ ಪಾತ್ರೆ ಇಳಿಯಿತು. ಅಮ್ಮ ಊಟದ ಹಾಸುಬಟ್ಟೆ, ದಸ್ತರಖಾನ ಹಿಡಿದುಕೊಂಡು ಬಂದವಳು ನಡುಮನೆಯ ಬಾಗಿಲಲ್ಲೇ ನಿಂತಳು. ಹಾಸುವುದು ಎಲ್ಲಿ? ಗೋಡೆಯಿಂದ ಗೋಡೆಗೆ ಸೋಫಾ. ನಾವು ಹುಟ್ಟಿದಾಗಿನಿಂದ ನೆಲದ ಮೇಲೆ ಸುತ್ತ ಕೂತು ಉಂಡವರು. ಶಬ್ದದ ಬೇರು ಹುಡುಕಿದವನಿಗೆ ಅತಿಥಿಗಳು ಉಣ್ಣುವುದೆಲ್ಲಿ ಎಂಬುದು ಹೊಳೆದೇ ಇರಲಿಲ್ಲ.

"ಕೈಯಾಗ ತಾಟು ಹಿಡ್ಕೊಂಡು ಉಣಬಹುದಲ್ರಿ," ಎಂದ ಫಿರೋಜ್, ಮೆಲ್ಲಗೆ.

ದಾದಾಸಾಬ ಎದ್ದು ಅಂಗಿಯ ತೋಳು ಮಡಚಿದರು. "ಏಳ್ರಿ ಎಲ್ಲಾರೂ. ಮೊದಲ ಇದನ್ನ ಹೊರಗ ಇಡೋಣ."

ಹೆಣ್ಣಿನ ಕಡೆಯವರೇ ಸೋಫಾ ಹೊತ್ತರು. ಬಾಗಿಲ ಮುಂದೆ ಕಟ್ಟೆ ಇರಲಿಲ್ಲ, ಸೋಫಾ ಸಲೀಸಾಗಿ ಓಣಿಗೆ ಬಂತು. ಆಮೇಲೆ ನೆಲದ ಮೇಲೆ ಕೂತು ಬೆರಳು ಚೀಪುತ್ತ ಉಂಡು, ಹೆಣ್ಣು ಕೊಡುವ ಮಾತನ್ನೂ ಕೊಟ್ಟರು. ಅವರನ್ನು ರಾಣೆಬೆನ್ನೂರಿನ ತನಕ ಬಿಟ್ಟು ಬರಲು ಫಿರೋಜ್ ಜೊತೆಗೇ ಬಸ್ಸು ಹತ್ತಿದ.

ಬಸ್ಸು ಹೋದದ್ದೇ ತಡ, ನಾನು ಗೌಂಡಿ ಚನ್ನೇಶನನ್ನು ಕರೆತಂದೆ. ಸೋಫಾ ಓಣಿಯಲ್ಲೇ ಇತ್ತು, ಕಲ್ಲುಗಳೂ ಗೋಡೆಗೆ ಒಟ್ಟಿದಲ್ಲೇ ಇದ್ದವು. ಮಂಗಳವ್ವ ಮಣ್ಣು ಕಲಸಿ ಕೊಟ್ಟಳು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಚನ್ನೇಶನಿಗೆ ಚಹಾ ತಂದುಕೊಟ್ಟಳು. ಹೊತ್ತು ಮುಳುಗುವುದರೊಳಗೆ ಕಟ್ಟೆ ಎದ್ದಿತು. ಮಷಿನ್ನನ್ನು ಹಿತ್ತಲಿಂದ ಎಳೆದು ತಂದು ಅದರ ಜಾಗದಲ್ಲಿ ಇಟ್ಟು ಹೊಲಿಯಲು ಕೂತೆ.

ಫಿರೋಜ್ ಬಂದ. ಮಂಗಳವ್ವ ಮೆಣಸಿನಕಾಯಿ ಬುಟ್ಟಿಯ ಸಮೇತ ಸೋಫಾದ ಮೇಲೆ ಕೂತಿದ್ದಳು. ಅವಳನ್ನು ಎಬ್ಬಿಸಿ, ಒಂದು ತುದಿ ಎತ್ತಿದ, ದೂಡಿದ, ನಿಲ್ಲಿಸಿ ನೋಡಿದ. ಸೋಫಾ ಬಾಗಿಲಿಗೆ ತಿರುಗಲೇ ಇಲ್ಲ. ಖಾರದ ಘಾಟಿಗೆ ಸೀನು ಬೇರೆ. ಆಗ ಕಟ್ಟೆ ಅವನ ಕಣ್ಣಿಗೆ ಬಿತ್ತು.

"ಆಪಾ, ಇದು ಒಳಗ ಹೆಂಗ ಹೋಗತೈತಿ?"

"ಹೋಗಂಗಿಲ್ಲ."

"ಮತ್ತ ಮಂದಿ ಬಂದ್ರ ಎಲ್ಲಿ ಕುಂದರಬೇಕು?"

ಹೊಲಿಯುತ್ತಿದ್ದ ರವಿಕೆಯನ್ನು ಈಚೆ ಎಳೆದುಕೊಂಡು ಪಕ್ಕದಲ್ಲಿ ಜಾಗ ಮಾಡಿದೆ.

"ಬಾ, ಮೊದಲ ನೀ ಕುಂದ್ರು. ಸೋಫಾದ ಮೂಲ ಇದ ಅಂದಿದ್ಯಲ್ಲ."

ಕೂತ. ಹಸಿ ಮಣ್ಣು ಪ್ಯಾಂಟಿಗೆ ಹತ್ತಿತು.