ಹೆಣ್ಣು ನೋಡಲು ಬಂದ ಮಿಸೆಸ್ ಟಾಲ್ಬರ್ಟ್

ಕಾಲೇಜಿನಿಂದ ಬಂದ ಮಗಳು ಊರ್ಮಿಳಾ ಶೂ ಬಿಚ್ಚುವ ಮೊದಲೇ, ಕಪ್ಪು ಹುಡುಗಿಯರ ಸೊರಾರಿಟಿ ಸೇರುತ್ತೇನೆ ಎಂದಳು. ಒಲೆಯ ಮೇಲಿದ್ದ ಒಗ್ಗರಣೆ ಸೀದುಹೋಯಿತು.

"ಏನಂದೆ?"

"ಸೊರಾರಿಟಿ, ಅಮ್ಮ. ಸಿಸ್ಟರ್ಸ್ ಥರ. ಫಾರ್ ಲೈಫ್."

ಸೊರಾರಿಟಿ ಎಂದರೆ ಕಾಲೇಜು ಹುಡುಗಿಯರ ಸಂಘ, ಒಮ್ಮೆ ಸೇರಿದರೆ ಸಾಯುವವರೆಗೂ ಅಕ್ಕತಂಗಿಯರು ಎಂದು ನನಗೂ ಗೊತ್ತಿತ್ತು. ಬಿಳಿಯರ ಸಂಘಗಳು ಬಾಗಿಲಲ್ಲೇ ತಡೆದ ಕಾಲದಲ್ಲಿ ಕಪ್ಪು ಹೆಣ್ಣುಮಕ್ಕಳು ತಮಗೆಂದೇ ಕಟ್ಟಿಕೊಂಡದ್ದಂತೆ ಇದು. ನಮ್ಮ ಎವರ್‌ಗ್ರೀನ್ ಬಡಾವಣೆಯ ಕನ್ನಡದ ಮಕ್ಕಳೆಲ್ಲ ಟೆನಿಸ್ಸು, ಭರತನಾಟ್ಯ ಎಂದು ಓಡಾಡುತ್ತಿರುವಾಗ ಇವಳಿಗೆ ಇದೇ ಬೇಕಾಯಿತೇ? ಶನಿವಾರ ಶನಿವಾರ ಆ ಹುಡುಗಿಯರ ಜೊತೆ ಫ್ರೀವೇ ಹಿಡಿದು ಓಕ್‌ಲ್ಯಾಂಡಿಗೆ ಹೋಗಿ ಅಲ್ಲಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳಂತೆ. ನನಗೆ ಮಾತ್ರ ಲೈಬ್ರರಿ ಎಂದು ಹೇಳಿದ್ದಳು, ಕಳ್ಳಿ!

"ಸಂಡೇ ಮಿಸೆಸ್ ಟಾಲ್ಬರ್ಟ್ ಬರ್ತಾರೆ. ಸಂಘದ ಹಿರಿಯರು. ನಮ್ಮ ಮನೆಯವರನ್ನ ನೋಡ್ಬೇಕಂತೆ. ಪ್ಲೀಸ್ ಅಮ್ಮ, ಇದು ನಂಗೆ ತುಂಬಾ ಮುಖ್ಯ."

ನನಗೆ ತಟ್ಟನೆ ಅರ್ಥವಾಯಿತು. ಹೆಣ್ಣು ನೋಡಲು ಬರುತ್ತಿದ್ದಾರೆ! ಬೇಡದ ಸಂಬಂಧ ಬಂದರೆ ಏನು ಮಾಡಬೇಕೆಂದು ಮಂಡ್ಯದವಳಾದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಪ್ಪಿಟ್ಟು, ಕೇಸರಿಬಾತು ಕೊಡುವುದು, ನಗುನಗುತ್ತಾ "ಯೋಚನೆ ಮಾಡಿ ಹೇಳಿ ಕಳಿಸ್ತೀವಿ" ಎನ್ನುವುದು, ಆಮೇಲೆ ಹೇಳಿ ಕಳಿಸದೇ ಇರುವುದು. ಅಷ್ಟೇ.

ಭಾನುವಾರ ನನ್ನ ಗಂಡ ಜಯರಾಮ್ ಆಫೀಸಿನ ನೆಪ ಹೇಳಿ ಜಾರಿಕೊಂಡರು. ಆರು ತಿಂಗಳಿಗೆಂದು ಊರಿನಿಂದ ಬಂದಿದ್ದ ನನ್ನ ಅವ್ವ ಮರಿತಾಯಮ್ಮ, ಕಾರು ನಿಂತ ಸದ್ದಿಗೇ ಎದ್ದು ರೂಮಿಗೆ ಹೊರಟಳು. "ಹೆಣ್ಣ್ ನೋಡಕ್ ಬರೋರ್ ಎದುರ್ಗೆ ಮುಂಡೆ ನಾನ್ಯಾಕವ್ವ?" ಎಂದು ಬಾಗಿಲು ಹಾಕಿಕೊಂಡಳು. ಅಪ್ಪ ತೀರಿಕೊಂಡಾಗಿನಿಂದ ಅವಳ ಪದ್ಧತಿ ಅದು. ನಾನೂ ಸುಮ್ಮನಿದ್ದೆ.

ಮಿಸೆಸ್ ಟಾಲ್ಬರ್ಟ್ ರಿಟೈರಾದ ಸ್ಕೂಲ್ ಟೀಚರು. ನರೆತ ತಲೆಗೆ ಹ್ಯಾಟು, ಇಸ್ತ್ರಿ ಮಾಡಿದ ನೀಲಿ ಸೂಟು. ಉಪ್ಪಿಟ್ಟನ್ನು ಎರಡನೆಯ ಸಲ ಹಾಕಿಸಿಕೊಂಡು ತಿಂದರು. ಇದೇ ಸಮಯವೆಂದು ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಯೋಚನೆ ಮಾಡಿ ಹೇಳುತ್ತೇವೆ ಎಂದೆ.

ಅವರು ಚಮಚ ಕೆಳಗಿಟ್ಟರು. "ಯೋಚನೆ ಮಾಡ್ತಿರೋದು ನೀವಲ್ಲಮ್ಮ, ನಾವು. ಇವಳನ್ನ ತಗೋಬೇಕೋ ಬೇಡವೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಅರ್ಧ ಜನ ಬೇಡ ಅಂತಿದ್ದಾರೆ."

ಬೇಡ ಅನ್ನಬೇಕಾದವಳು ನಾನು! ನನ್ನ ಮಗಳನ್ನು ಇವರು ಬೇಡ ಅನ್ನುವುದೇ?

"ಏನು ಕಮ್ಮಿಯಾಗಿದೆ ನನ್ನ ಮಗಳಿಗೆ?"

"ಏನೂ ಇಲ್ಲ. ನಮ್ಮದು ಅಂತ ಇರೋದು ಅದೊಂದೇ ಮನೆ. ಅಲ್ಲೂ ಬೇರೆಯವರು ಬಂದು ಕೂತರೆ ನಾವೆಲ್ಲಿಗೆ ಹೋಗೋದು ಅಂತ ಕೆಲವರಿಗೆ ಹೆದರಿಕೆ. ಇಡೀ ವಾರ ಜಗಳ ಆಡಿದ್ದೀವಿ. ಕೊನೆಯ ಮಾತು ನನಗೆ ಬಿಟ್ಟಿದ್ದಾರೆ."

ಸಾಗಹಾಕಲು ಕೂತಿದ್ದವಳು ಮದುವೆ ದಲ್ಲಾಳಿಯಾಗಿಬಿಟ್ಟೆ. ಮಗಳ ಮಾರ್ಕ್ಸು, ಒಳ್ಳೆಯ ಮನಸ್ಸು, ಜ್ವರವಿದ್ದರೂ ಶನಿವಾರ ತಪ್ಪಿಸದೆ ಓಕ್‌ಲ್ಯಾಂಡಿಗೆ ಹೋದದ್ದು, ಎಲ್ಲವನ್ನೂ ಬಡಬಡಿಸಿದೆ. ಊರ್ಮಿಳಾ ಬಿಟ್ಟ ಬಾಯಿ ಬಿಟ್ಟಂತೆ ನನ್ನನ್ನೇ ನೋಡುತ್ತಿದ್ದಳು. ಮಿಸೆಸ್ ಟಾಲ್ಬರ್ಟ್ ನಕ್ಕು ಮೇಲೆದ್ದರು. ಗೆದ್ದೆ ಎಂದುಕೊಂಡೆ.

ಮನೆಗೆ ಬಂದ ಹೆಂಗಸನ್ನು ಕುಂಕುಮವಿಲ್ಲದೆ ಕಳಿಸುವುದುಂಟೇ? ಬಟ್ಟಲು ತಂದು ಬೆರಳಿಗೆ ಕುಂಕುಮ ತೆಗೆದುಕೊಂಡೆ. ಅವರ ಬೆರಳಲ್ಲಿ ಉಂಗುರ ಕಾಣಲಿಲ್ಲ. ಬಾಯಿ ಸುಮ್ಮನಿರಬೇಕಲ್ಲ! "ನಿಮ್ಮ ಯಜಮಾನರು?" ಎಂದೆ.

"ತೀರಿಕೊಂಡು ಬಹಳ ವರ್ಷ ಆಯಿತು."

ನನ್ನ ಕೈ ತಾನಾಗಿಯೇ ಹಿಂದೆ ಬಂತು. ಬೆರಳನ್ನು ಸೆರಗಿಗೆ ಒರೆಸಿಕೊಂಡೆ.

"ಏನಾಯಿತು?" ಅವರು ಊರ್ಮಿಳಾಳನ್ನು ಕೇಳಿದರು.

ಏನಾದರೊಂದು ಹೇಳೇ, ನಿನ್ನ ಹಣೆಬರಹ ಇವರ ಕೈಯಲ್ಲಿದೆ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವಳು ನೇರವಾಗಿ ಅವರ ಕಡೆ ತಿರುಗಿದಳು.

"ಗಂಡ ಸತ್ತವರಿಗೆ ನಮ್ಮಲ್ಲಿ ಇದನ್ನ ಹಚ್ಚಲ್ಲ. ನಮ್ಮಜ್ಜಿ ನಿಮ್ಮ ಮುಂದೆ ಬಾರದೆ ಆ ರೂಮಲ್ಲಿ ಕೂತಿರೋದೂ ಅದಕ್ಕೇ."

ಅಯ್ಯೋ ಶಿವನೇ, ಎಲ್ಲ ಮುಗಿಯಿತು ಎಂದುಕೊಂಡೆ. ಮಿಸೆಸ್ ಟಾಲ್ಬರ್ಟ್ ಮುಚ್ಚಿದ ಬಾಗಿಲನ್ನು ನೋಡಿದರು, ಆಮೇಲೆ ನನ್ನನ್ನು.

"ಇವಳ ಸಲುವಾಗಿ ನಮ್ಮಲ್ಲಿ ಒಂದು ವಾರ ಜಗಳ ಆಯಿತು. ಒಳಗೆ ಕೂತಿರೋ ಅವರ ಸಲುವಾಗಿ ಇಲ್ಲಿ ಯಾರು ಜಗಳ ಆಡಿದರು?"

ಯಾರೂ ಆಡಿರಲಿಲ್ಲ. ಅವರು ಊರ್ಮಿಳಾಳ ಭುಜ ಹಿಡಿದರು. "ನಿನಗೆ ನಷ್ಟ ಆಗುತ್ತೆ ಅಂತ ಗೊತ್ತಿದ್ದೂ ನಿಜ ಹೇಳಿದೆ. ನಾನು ಹೂಂ ಅಂದೆ ಅಂತ ತಿಳ್ಕೋ. ಹೋಗು, ಮೊದಲು ನಿಮ್ಮಜ್ಜಿಗೆ ಹೇಳು."

ಮಗಳು ಅಳುತ್ತಾ ಅವರನ್ನು ಅಪ್ಪಿಕೊಂಡಳು. ಹೋದವಳು ನಾನು. ಬಟ್ಟಲು ಇನ್ನೂ ಕೈಯಲ್ಲೇ ಇತ್ತು. ಮಂಚದ ತುದಿಯಲ್ಲಿ ಕೂತಿದ್ದ ಅವ್ವನ ಮುಂದೆ ಮಂಡಿಯೂರಿ, "ಬಾರವ್ವ ಆಚೆಗೆ," ಎಂದು ಅವಳ ಹಣೆಗೆ ಬೆರಳು ಚಾಚಿದೆ.

ಅವ್ವ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಾಗ್ಲ ನಾನೇ ಹಾಕ್ಕಂಡೆ, ನಿಜ ಕಣೆ. ತಗಿ ಅಂತ ನೀನ್ ಯಾವತ್ತಾರ ಬಡಿದಿದ್ಯಾ?"